ಇನಿಷಿಯಲ್ ಬಿಡಿಸದೆ ವಿಮಾನ ಹತ್ತಬೇಡಿ

ಆತಗೂರು ಹೋಬಳಿಯ ಯಾವ ಹುಡುಗನ ಅಂಕಪಟ್ಟಿ ತೆಗೆದು ನೋಡಿದರೂ ಹೆಸರಿನ ಪಕ್ಕ ಎರಡು ಇನಿಷಿಯಲ್ ಇರುತ್ತವೆ. ಮಹೇಶ ಎ.ಎಸ್. ಎಂದಿದೆ ಅಂದುಕೊಳ್ಳಿ. 'ಎ' ಎಂದರೆ ಆತಗೂರು, 'ಎಸ್' ಎಂದರೆ ಅಪ್ಪ ಸಿದ್ದೇಗೌಡ. ಮಂಡ್ಯ ಸೀಮೆಯ ಹಳೆಯ ರೂಢಿ ಇದು. ಕವಿ ಕೆ.ಎಸ್. ನರಸಿಂಹಸ್ವಾಮಿಯವರ 'ಕೆ' ಕಿಕ್ಕೇರಿ, 'ಎಸ್' ಸುಬ್ಬರಾಯರು. 'ಅಪರವಯಸ್ಕನ ಅಮೆರಿಕಾ ಯಾತ್ರೆ' ಬರೆದ ಎ.ಎನ್. ಮೂರ್ತಿರಾಯರ 'ಎ' ಅಕ್ಕಿಹೆಬ್ಬಾಳು. ಊರಲ್ಲಿ ಈ ಎರಡಕ್ಷರ ಸಾಕು, ಎಲ್ಲಿಯವನು, ಯಾರ ಮಗ ಎನ್ನುವುದು ಗೊತ್ತಾಗಿಬಿಡುತ್ತದೆ. ಎಕ್ಸ್‌ಚೇಂಜ್ ವಿದ್ಯಾರ್ಥಿಯಾಗಿ ಜರ್ಮನಿಗೆ ಹೊರಟವನಿಗೆ ಮಾತ್ರ ತೊಡಕು ಶುರುವಾಗುವುದೇ ಇಲ್ಲಿಂದ.

ಎಕ್ಸ್‌ಚೇಂಜ್‌ನಲ್ಲಿ ಪದವಿ ಇಲ್ಲಿನ ಕಾಲೇಜಿನದೇ, ಒಂದೆರಡು ಸೆಮಿಸ್ಟರ್ ಮಾತ್ರ ಅಲ್ಲಿ. ಎರಡು ಕಡೆಯವರ ನಡುವೆ ಒಪ್ಪಂದವಿದ್ದರೆ ಸಾಮಾನ್ಯವಾಗಿ ಬೋಧನಾ ಶುಲ್ಕ ಇಲ್ಲಿಗಷ್ಟೇ. 90 ದಿನ ಮೀರಿದರೆ ಅಲ್ಲಿನ ರಾಷ್ಟ್ರೀಯ ವೀಸಾ ಬೇಕು. ಇಷ್ಟು ಬಹುತೇಕರಿಗೆ ಕಾಲೇಜಿನಲ್ಲೇ ಹೇಳಿರುತ್ತಾರೆ. ಹೆಸರಿನ ವಿಚಾರ ಯಾರೂ ಹೇಳುವುದಿಲ್ಲ.

ನಮ್ಮ ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್‌ಗೆ ಜಾಗವಿಲ್ಲ, ಬಿಡಿಸಿಯೇ ಬರೆಯಬೇಕು. ಅರ್ಜಿಯಲ್ಲಿ 'ಗಿವನ್ ನೇಮ್', 'ಸರ್‌ನೇಮ್' ಎಂದು ಎರಡು ಅಂಕಣಗಳಿವೆ. ಹಳ್ಳಿಯ ಹುಡುಗರು ಮಾಡುವ ತಪ್ಪು ಒಂದೇ: ಇರುವ ಹೆಸರನ್ನೆಲ್ಲ ಮೊದಲ ಅಂಕಣಕ್ಕೆ ತುಂಬಿ, 'ನಮಗೆ ಸರ್‌ನೇಮ್ ಇಲ್ಲ' ಎಂದು ಎರಡನೆಯದನ್ನು ಖಾಲಿ ಬಿಡುವುದು. ಪಾಸ್‌ಪೋರ್ಟ್ ತಕರಾರಿಲ್ಲದೆ ಬರುತ್ತದೆ. ಕಷ್ಟ ಆಮೇಲಿನದು. ವಿಮಾನದ ಟಿಕೆಟ್ ಕಾಯ್ದಿರಿಸುವ ಫಾರಂ ಎರಡನೇ ಹೆಸರಿಲ್ಲದೆ ಮುಂದಕ್ಕೇ ಹೋಗುವುದಿಲ್ಲ. ಒಂದೇ ಹೆಸರಿದ್ದವರಿಗೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ 'ಎಫ್‌ಎನ್‌ಯು' ಎಂದು ಬೀಳುತ್ತದೆ, ಅಂದರೆ ಮೊದಲ ಹೆಸರು ಗೊತ್ತಿಲ್ಲ ಎಂದು. 2022ರ ನವೆಂಬರ್‌ನಲ್ಲಿ ಯುಎಇ ಒಂದೇ ಹೆಸರಿನ ಪಾಸ್‌ಪೋರ್ಟ್ ಹಿಡಿದ ಸಂದರ್ಶಕರಿಗೆ ಪ್ರವೇಶವಿಲ್ಲ ಎಂದಿತು. ಪಾಸ್‌ಪೋರ್ಟ್‌ನ ಇನ್ನೊಂದು ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಸರಿ ಎಂಬ ಸ್ಪಷ್ಟನೆ ನಂತರ ಬಂತು.

ಹಾಗಾದರೆ ಸರ್‌ನೇಮ್ ಯಾವುದು? ಊರ ಹೆಸರಿನ ಮೇಲೆ ಎಷ್ಟೇ ಅಭಿಮಾನವಿರಲಿ, ತಂದೆಯ ಹೆಸರೇ ವಾಸಿ. ಅದು ಪಾಸ್‌ಪೋರ್ಟ್‌ನ ಕೊನೆಯ ಪುಟದಲ್ಲೂ ಇರುತ್ತದೆ, ಆಧಾರ್, ಅಂಕಪಟ್ಟಿಗಳಲ್ಲೂ ತಂದೆಯ ಹೆಸರಿನ ಗುರುತು ಸಿಗುತ್ತದೆ, ತಾಳೆ ಹಾಕುವುದು ಸುಲಭ. ಮಹೇಶ ಎಂಬುದು ಗಿವನ್ ನೇಮ್, ಸಿದ್ದೇಗೌಡ ಎಂಬುದು ಸರ್‌ನೇಮ್. ಅಕ್ಷರ ಜೋಡಣೆಯಲ್ಲಿ ಎಲ್ಲ ಕಡೆ ಒಂದೇ ಪಟ್ಟು ಹಿಡಿಯಬೇಕು. ಗೌಡ ಎಂಬುದನ್ನು ಇಂಗ್ಲಿಷಿನಲ್ಲಿ ಒಂದು ದಾಖಲೆಯಲ್ಲಿ 'ಡಬ್ಲ್ಯು' ಹಾಕಿ, ಇನ್ನೊಂದರಲ್ಲಿ 'ಯು' ಹಾಕಿ ಬರೆದಿದ್ದರೆ ಅಲ್ಲಿನ ಗುಮಾಸ್ತರಿಗೆ ಅವರು ಇಬ್ಬರು ಬೇರೆ ಮನುಷ್ಯರು. ಅಂಕಪಟ್ಟಿಯಲ್ಲಿ ಇನಿಷಿಯಲ್ ಮಾತ್ರ ಇರುವುದರಿಂದ 'ಇಬ್ಬರೂ ಒಬ್ಬರೇ' ಎಂಬ ಅಫಿಡವಿಟ್ಟನ್ನು ನೋಟರಿಯಿಂದ ಇಂಗ್ಲಿಷಿನಲ್ಲಿ ಮಾಡಿಸಿ ಎರಡು ಮೂಲಪ್ರತಿ ಇಟ್ಟುಕೊಳ್ಳುವುದು ಒಳ್ಳೆಯದು. ಪಾಸ್‌ಪೋರ್ಟ್ ಈಗಾಗಲೇ ಕೈಗೆ ಬಂದಿದ್ದರೆ ಮರುವಿತರಣೆಗೆ ಅರ್ಜಿ ಹಾಕಿ ತಿದ್ದಿಸಬಹುದು. ಅದಕ್ಕೆ ಬೆಂಗಳೂರಿಗೇ ಓಡಬೇಕಿಲ್ಲ. ದೇಶದ ಮೊದಲ ಎರಡು ಅಂಚೆ ಕಚೇರಿ ಪಾಸ್‌ಪೋರ್ಟ್ ಕೇಂದ್ರಗಳಲ್ಲಿ ಒಂದು 2017ರ ಜನವರಿಯಲ್ಲಿ ಮೈಸೂರಿನಲ್ಲೇ ಆಯಿತು. ಆದರೆ ತಿದ್ದುಪಡಿ ವೀಸಾ ಅರ್ಜಿಗೆ ಮೊದಲೇ ಮುಗಿಯಬೇಕು, ನಂತರ ಮಾಡಿದರೆ ಪ್ರವೇಶಪತ್ರ, ವಿಮೆ, ಬ್ಯಾಂಕಿನ ಕಾಗದ ಎಲ್ಲವನ್ನೂ ಮತ್ತೆ ಬದಲಾಯಿಸಬೇಕು.

ಇನ್ನು ಹಣದ ಮಾತು. ಜರ್ಮನಿಯ ವೀಸಾಕ್ಕೆ ತಿಂಗಳಿಗೆ 992 ಯೂರೊ, ವರ್ಷಕ್ಕೆ 11,904 ಯೂರೊ ಖರ್ಚಿಗಿದೆ ಎಂದು ತೋರಿಸಬೇಕೆಂಬುದು 2024ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಲೆಕ್ಕ. ಅರ್ಜಿ ಹಾಕುವ ದಿನ ಕಾನ್ಸುಲೇಟಿನಲ್ಲಿ ಮೊತ್ತವನ್ನು ಇನ್ನೊಮ್ಮೆ ಕೇಳಿಕೊಳ್ಳಬೇಕು. ಹೆಚ್ಚಿನವರು ಇದನ್ನು 'ಬ್ಲಾಕ್ಡ್ ಅಕೌಂಟ್'ನಲ್ಲಿ ಇಡುತ್ತಾರೆ. ಹಣ ಒಟ್ಟಿಗೆ ಕೈಗೆ ಬರುವುದಿಲ್ಲ, ತಿಂಗಳ ಪಾಲು ಮಾತ್ರ ಸಿಗುತ್ತದೆ. ಅದನ್ನು ಪಡೆಯಲು ಅಲ್ಲಿ ಇನ್ನೊಂದು ಸಾಮಾನ್ಯ ಖಾತೆ ತೆರೆಯಬೇಕು. ಹಾಗಾಗಿ ಮೊದಲ ತಿಂಗಳ ಬಾಡಿಗೆ, ಅಡ್ವಾನ್ಸ್, ಊಟಕ್ಕೆ ಬೇರೆ ದುಡ್ಡು ಕಡ್ಡಾಯವಾಗಿ ಜೊತೆಗಿರಲಿ.

ಮನೆಯವರು ಕಟ್ಟಿಕೊಡುವ ಗಂಟಿನಲ್ಲಿ ರಾಗಿಹಿಟ್ಟು, ಸಾರಿನ ಪುಡಿ, ಮಂಡ್ಯದ ಬೆಲ್ಲ ಇರಲಿ. ತುಪ್ಪದ ಡಬ್ಬಿ, ಖೋವಾ, ಪೇಡ ಬೇಡ. ಹಾಲು, ಮಾಂಸದ ಪದಾರ್ಥಗಳನ್ನು ಪ್ರಯಾಣಿಕರು ಹೊರಗಿನಿಂದ ಐರೋಪ್ಯ ಒಕ್ಕೂಟದೊಳಕ್ಕೆ ತರುವಂತಿಲ್ಲ. 2019ರ ಡಿಸೆಂಬರ್‌ನಿಂದ ಹಸಿ ಸೊಪ್ಪು, ಹಣ್ಣುಗಳಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಹಸಿ ಕರಿಬೇವೂ ಅದರಲ್ಲಿ ಸೇರಿತು. ತೆಂಗಿನಕಾಯಿ, ಬಾಳೆ, ಅನಾನಸ್, ಖರ್ಜೂರ, ಡ್ಯೂರಿಯನ್ ಈ ಐದಕ್ಕೆ ಮಾತ್ರ ವಿನಾಯಿತಿ. ನಮ್ಮ ಮೂರು ಕಡ್ಡಿಯ ಪ್ಲಗ್ ಅಲ್ಲಿನ ಗೋಡೆಗೆ ಹೊಂದುವುದಿಲ್ಲ, ಅಡಾಪ್ಟರ್ ಬೇಕು.

ಅಲ್ಲಿಳಿದ ಮೇಲೆ ಮೊದಲ ಕೆಲಸ 'ಆನ್‌ಮೆಲ್ಡುಂಗ್', ಅಂದರೆ ವಾಸದ ನೋಂದಣಿ. ಮನೆ ಸೇರಿದ ಎರಡು ವಾರದೊಳಗೆ ನಗರ ಕಚೇರಿಗೆ ಹೋಗಿ ಹೆಸರು ಬರೆಸಬೇಕು. ಮಾಲೀಕರು ಸಹಿ ಮಾಡಿದ 'ಇವರು ಇಲ್ಲಿ ವಾಸವಿದ್ದಾರೆ' ಎಂಬ ಕಾಗದ ಬೇಕು, ಬಾಡಿಗೆ ಕರಾರು ಸಾಲದು. ಮನೆ ಹಿಡಿಯುವಾಗಲೇ ಈ ಕಾಗದ ಕೊಡುತ್ತೀರಾ ಎಂದು ಬರಹದಲ್ಲಿ ಕೇಳಬೇಕು. ಕೊಡುವುದಿಲ್ಲ ಎಂದರೆ ಬಾಡಿಗೆ ಎಷ್ಟೇ ಅಗ್ಗವಾಗಿದ್ದರೂ ಆ ಮನೆ ಬೇಡ. ದೊಡ್ಡ ನಗರಗಳಲ್ಲಿ ಕಚೇರಿಯ ಸಮಯ ಸಿಗಲು ವಾರಗಳೇ ಹಿಡಿಯುವುದರಿಂದ ವಿಮಾನ ಹತ್ತುವ ಮೊದಲೇ ಆನ್‌ಲೈನ್‌ನಲ್ಲಿ ಕಾಯ್ದಿರಿಸುವುದು ಲೇಸು.

ಹೆಸರಿನ ಗೋಳು ಇಲ್ಲಿ ಮತ್ತೆ ಎದುರಾಗುತ್ತದೆ. ಜರ್ಮನಿಯಲ್ಲಿ ಮನೆಗೆ ಹೆಸರೇ ವಿಳಾಸ. ಎಷ್ಟೋ ಕಟ್ಟಡಗಳಲ್ಲಿ ಫ್ಲ್ಯಾಟಿಗೆ ಸಂಖ್ಯೆಯೇ ಇರುವುದಿಲ್ಲ, ಕರೆಗಂಟೆಯ ಮೇಲೂ ಅಂಚೆಪೆಟ್ಟಿಗೆಯ ಮೇಲೂ ಮನೆಯವರ ಸರ್‌ನೇಮ್ ಅಂಟಿಸಿರುತ್ತಾರೆ. ನಮ್ಮೂರಿನಲ್ಲಾದರೆ ಅಂಚೆಯಣ್ಣ ಕೇಳಿಕೊಂಡು ಬಂದು ಮನೆ ಬಾಗಿಲಿಗೆ ಕೊಡುತ್ತಾನೆ. ಅಲ್ಲಿ ಪೆಟ್ಟಿಗೆಯ ಮೇಲೆ ಹೆಸರಿಲ್ಲದಿದ್ದರೆ ಕಾಗದ ಹಿಂದಕ್ಕೆ ಹೋಗುತ್ತದೆ. ಬ್ಯಾಂಕಿನ ಕಾರ್ಡು, ಅದರ ಪಿನ್, ಆರೋಗ್ಯ ವಿಮೆಯ ಕಾರ್ಡು, ತೆರಿಗೆ ಸಂಖ್ಯೆ ಇವೆಲ್ಲ ಅಂಚೆಯಲ್ಲೇ ಬರುತ್ತವೆ. 'ಮಹೇಶ' ಎಂದು ಚೀಟಿ ಅಂಟಿಸಿ, 'ಸಿದ್ದೇಗೌಡ' ಎಂದು ಬಂದ ಲಕೋಟೆಗಾಗಿ ಕಾಯುವುದು ಎಷ್ಟು ಸಣ್ಣ ತಪ್ಪು, ಎಷ್ಟು ದೊಡ್ಡ ನಷ್ಟ! ಮನೆಗೆ ಕಾಲಿಟ್ಟ ದಿನವೇ ಪಾಸ್‌ಪೋರ್ಟ್‌ನಲ್ಲಿರುವ ಸರ್‌ನೇಮನ್ನು ದಪ್ಪ ಅಕ್ಷರದಲ್ಲಿ ಬರೆದು ಎರಡು ಕಡೆಯೂ ಅಂಟಿಸಬೇಕು.

ಬಂದ ಪತ್ರಗಳನ್ನು ತೆರೆದು ಓದಬೇಕು. ಟಿವಿ ಇರಲಿ ಬಿಡಲಿ, ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೊ ಪ್ರಸಾರ ಶುಲ್ಕ ಕಟ್ಟಲೇಬೇಕು. ಜೊತೆಗಿರುವವರು ಹಂಚಿಕೊಳ್ಳಬಹುದು, ಪತ್ರ ಕಸಕ್ಕೆ ಹಾಕಿದರೆ ಬಾಕಿ ಬೆಳೆಯುತ್ತದೆ.

ಉಳಿದವು ಚುಟುಕಾಗಿ: ಭಾನುವಾರ ಅಂಗಡಿ ಮುಚ್ಚಿರುತ್ತವೆ, ಶನಿವಾರವೇ ಸಾಮಾನು ತರಬೇಕು. ರಾತ್ರಿ 10ರ ನಂತರ ಗದ್ದಲ ಕೂಡದು. ತುರ್ತಿಗೆ 112. ಅಲ್ಲಿ ಓದುವ ವಿಷಯಗಳ ಪಟ್ಟಿಗೆ ಇಲ್ಲಿನ ವಿಭಾಗದ ಸಹಿ ಹೊರಡುವ ಮೊದಲೇ ಆಗಿರಬೇಕು, ಇಲ್ಲದಿದ್ದರೆ ಕ್ರೆಡಿಟ್ ಲೆಕ್ಕಕ್ಕೆ ಸಿಗುವುದು ಕಷ್ಟ. ವಾಪಸಾಗುವಾಗ ನೋಂದಣಿ ರದ್ದು ಮಾಡಿಸಬೇಕು, ಮನೆಯ ಅಡ್ವಾನ್ಸ್ ವಾಪಸ್ ಬಂದು ಬೀಳುವ ತನಕ ಬ್ಯಾಂಕ್ ಖಾತೆ ಮುಚ್ಚಬಾರದು.