ಮೂತಿ ಚಾಚಿದ ಪತಂಗಗಳು: ಭತ್ತದ ಗದ್ದೆಯಿಂದ ಹಿಟ್ಟಿನ ಡಬ್ಬದವರೆಗೆ

ಹಾಸನ ಜಿಲ್ಲೆಯ ಬಾಗೂರು ಹೋಬಳಿಯಲ್ಲಿ ‘ಮೂತಿ ಹುಳು’ ಎಂದರೆ ಸಾಕು, ಕೇಳಿದವರ ಕಣ್ಣು ತೆಂಗಿನ ಸುಳಿಯತ್ತ ಹೋಗುತ್ತದೆ. ಕಾಂಡ ಕೊರೆದು ಮರವನ್ನೇ ಕೆಡವುವ ಕೆಂಪು ಮೂತಿ ಹುಳುವಿನ ಭಯ ತೆಂಗು ಬೆಳೆಗಾರರಿಗೆ ಅಷ್ಟಿದೆ. ಆದರೆ ಅದು ದುಂಬಿಯ ಜಾತಿ. ಇಲ್ಲಿ ಹೇಳಹೊರಟಿರುವ ಮೂತಿಯವರು ಬೇರೆ. ಇವು ಪತಂಗಗಳು. ಭತ್ತದ ಬಿಳಿ ತೆನೆ, ಜೋಳದ ಒಣಸುಳಿ, ಅವರೆ ಹೂವಿನ ಗೂಡು, ಬದನೆಕಾಯಿಯ ತೂತು, ರವೆ ಡಬ್ಬದ ಬಲೆ, ಜೇನುಪೆಟ್ಟಿಗೆಯ ಮೇಣ ತಿನ್ನುವ ಹುಳು, ಇವೆಲ್ಲ ಒಂದೇ ವಂಶದ ಕೆಲಸ ಎಂದರೆ ನಂಬುವುದು ಕಷ್ಟ. ಹೌದು, ಒಂದೇ ವಂಶ.

ಗುರುತು ಹಿಡಿಯಲು ಪ್ರಯೋಗಾಲಯ ಬೇಡ. ಮಳೆ ಬಿದ್ದ ಸಂಜೆ ಜಗಲಿಯ ದೀಪದ ಕೆಳಗೆ ಗೋಡೆಗೆ ಅಂಟಿ ಕೂತ ಹುಲ್ಲುಬಣ್ಣದ ಸಣ್ಣ ಪತಂಗವನ್ನು ಪಕ್ಕದಿಂದ ನೋಡಬೇಕು. ತಲೆಯ ಮುಂದೆ ಚೂಪಾದ ಮೂಗಿನಂತೆ ಏನೋ ಚಾಚಿರುತ್ತದೆ. ಅದು ಮೂಗೂ ಅಲ್ಲ, ಸೊಂಡಿಲೂ ಅಲ್ಲ. ಬಾಯಿಯ ಎರಡು ಪಕ್ಕದಿಂದ ಹೊರಟ ಮೀಸೆಯಂಥ ಅಂಗಗಳು ಜೋಡಿಯಾಗಿ ಮುಂದಕ್ಕೆ ನಿಂತಿರುವುದು. ಹೀರುವ ನಿಜವಾದ ಸೊಂಡಿಲು ಅದರ ಕೆಳಗೆ ಸುರುಳಿ ಸುತ್ತಿಕೊಂಡಿರುತ್ತದೆ. ಕೆಲವು ಜಾತಿಗಳಲ್ಲಿ ಈ ಮೀಸೆ ಮೇಲಕ್ಕೆ ಬಾಗಿರುವುದರಿಂದ ಮೂತಿಯೊಂದನ್ನೇ ನಂಬುವಂತಿಲ್ಲ ಎನ್ನುವುದೂ ನಿಜ.

ಇವುಗಳ ಕಿವಿ ಮೂತಿಗಿಂತ ಸ್ವಾರಸ್ಯದ್ದು. ಅದಿರುವುದು ಹೊಟ್ಟೆಯ ಬುಡದಲ್ಲಿ. ಬೇಟೆಗೆ ಬರುವ ಬಾವಲಿಯ ಸದ್ದನ್ನು ಕೇಳಿ ತಪ್ಪಿಸಿಕೊಳ್ಳಲು ಇದು ಬೇಕು. ಜೇನುಗೂಡಿನ ಮೇಣದ ಪತಂಗ 300 ಕಿಲೋಹರ್ಟ್ಸ್‌ವರೆಗಿನ ಸದ್ದನ್ನು ಕೇಳಬಲ್ಲದು ಎಂದು 2013ರಲ್ಲಿ ಸ್ಕಾಟ್ಲೆಂಡಿನ ಸಂಶೋಧಕರು ತೋರಿಸಿದರು. ಮನುಷ್ಯನ ಕಿವಿ 20 ಕಿಲೋಹರ್ಟ್ಸ್‌ಗೇ ಕೈಚೆಲ್ಲುತ್ತದೆ. ವಂಶವನ್ನು ಎರಡು ಮನೆಯಾಗಿ ಪಾಲು ಮಾಡಿದ್ದೂ ಈ ಕಿವಿಯೇ. ಕಿವಿಯ ಕೋಣೆ ಮುಚ್ಚಿದ್ದರೆ ಪೈರಾಲಿಡೇ, ತೆರೆದಿದ್ದರೆ ಕ್ರ್ಯಾಂಬಿಡೇ. ಲೋಕದಲ್ಲಿ ಹೆಸರು ಪಡೆದಿರುವ ಮೂತಿ ಪತಂಗಗಳು ಸುಮಾರು 16,000. ಅದರಲ್ಲಿ ದೊಡ್ಡ ಪಾಲು ಕ್ರ್ಯಾಂಬಿಡೇಯದು. ನೀಲಗಿರಿಯಲ್ಲಿ ಚಹಾ ತೋಟ ಮಾಡಿಕೊಂಡಿದ್ದು ಆಮೇಲೆ ಪತಂಗಗಳ ಬೆನ್ನುಬಿದ್ದ ಜಾರ್ಜ್ ಹ್ಯಾಂಪ್ಸನ್ 1896ರಲ್ಲಿ ಭಾರತದ ಮೂತಿ ಪತಂಗಗಳನ್ನು ವಿವರಿಸಿದಾಗ ಎಲ್ಲವನ್ನೂ ಪೈರಾಲಿಡೇ ಎಂಬ ಒಂದೇ ಸೂರಿನಡಿ ಇಟ್ಟಿದ್ದ. ಹಳೆಯ ಕೃಷಿ ಕೈಪಿಡಿಗಳಲ್ಲಿ ಭತ್ತದ ಕಾಂಡ ಕೊರಕಕ್ಕೂ ಪೈರಾಲಿಡೇ ಎಂದೇ ಇರುವುದು ಈ ಕಾರಣಕ್ಕೆ. ಅದು ಅಚ್ಚಿನ ತಪ್ಪಲ್ಲ, ಪಾಲಾಗುವ ಮುಂಚಿನ ಲೆಕ್ಕ.

ರೈತರು ನೆನಪಿಟ್ಟುಕೊಳ್ಳಲು ಒಂದು ಒರಟು ಅಂದಾಜು ಸಾಕು: ಪೈರಿನ ಕಾಂಡ, ಎಲೆ, ಕಾಯಿ ಹಿಡಿದವು ಹೆಚ್ಚಾಗಿ ಕ್ರ್ಯಾಂಬಿಡೇ, ಕಾಳು, ಹಿಟ್ಟು, ಮೇಣ ಹಿಡಿದವು ಪೈರಾಲಿಡೇ. ಎರಡು ಮನೆಗೂ ಒಂದು ಚಾಳಿ ಸಮಾನ. ಇವುಗಳ ಮರಿಹುಳು ಬಯಲಲ್ಲಿ ಬಾಳುವುದು ಕಡಿಮೆ. ಒಂದೋ ಒಳಗೆ ಕೊರೆದು ಕೂರುತ್ತದೆ, ಇಲ್ಲವೇ ಎಲೆ ಮಡಿಸಿ, ಹೂ ಹೆಣೆದು, ನೂಲಿನ ಕೊಳವೆ ಕಟ್ಟಿ ಮರೆಯಾಗುತ್ತದೆ. ಔಷಧಿ ಹೊಡೆದ ಮೇಲೂ ಹುಳು ಸಾಯಲಿಲ್ಲ ಎಂಬ ದೂರಿನ ಮೂಲ ಹಲವು ಸಲ ಇಲ್ಲೇ ಇದೆ. ಮೊಟ್ಟೆ ಒಡೆದು ಮರಿ ಒಳಹೊಗುವ ನಡುವಿನ ಕೆಲವೇ ದಿನ ಅದು ಕೈಗೆ ಸಿಗುತ್ತದೆ. ಬಾಗಿಲು ಹಾಕಿಕೊಂಡ ಮೇಲೆ ಹೊರಗಿನಿಂದ ಎಷ್ಟು ಸುರಿದರೂ ದುಡ್ಡು ದಂಡ.

ಹೊಳೆನರಸೀಪುರ, ಅರಕಲಗೂಡಿನ ನಾಲೆಬಯಲಲ್ಲಿ, ಬಾಗೂರು ಕಡೆ ಕೆರೆಯ ಹಿಂದಿನ ಗದ್ದೆಗಳಲ್ಲಿ ಮೊದಲು ಎದುರಾಗುವುದು ಭತ್ತದ ಹಳದಿ ಕಾಂಡ ಕೊರಕ. ಹೆಣ್ಣು ಪತಂಗದ ಹಳದಿ ರೆಕ್ಕೆಯ ಮೇಲೆ ಒಂದೊಂದು ಕಪ್ಪು ಚುಕ್ಕೆ. ಮೊಟ್ಟೆಯನ್ನು ಎಲೆಯ ತುದಿಯ ಹತ್ತಿರ ಗುಂಪಾಗಿಟ್ಟು, ತನ್ನದೇ ಕಂದು ರೋಮ ಹೊದಿಸಿ ಹೋಗುತ್ತದೆ. ನಾಟಿಗೆ ಮುಂಚೆ ಪೈರಿನ ತುದಿ ಕತ್ತರಿಸುವುದು ಅದಕ್ಕೇ. ಕಾಸು ಖರ್ಚಿಲ್ಲದೆ ಮೊಟ್ಟೆಗಳು ಗದ್ದೆಗಿಳಿಯದಂತೆ ತಡೆಯಬಹುದು. ಪೈರು ಎಳೆಯದಾಗಿದ್ದಾಗ ಸುಳಿ ಒಣಗುತ್ತದೆ, ಹೊಡೆ ಬಂದ ಮೇಲೆ ತೆನೆ ಜೊಳ್ಳಾಗಿ ಬೆಳ್ಳಗೆ ನಿಲ್ಲುತ್ತದೆ. ಅಂಥದ್ದನ್ನು ಹಿಡಿದೆಳೆದರೆ ಸಲೀಸಾಗಿ ಕೈಗೆ ಬರುತ್ತದೆ. ಬಿಳಿ ತೆನೆ ಕಂಡ ಮೇಲೆ ಸಿಂಪಡಿಸುವವರಿದ್ದಾರೆ. ಆ ತೆನೆಗಳಂತೂ ಮರಳಿ ಬರುವುದಿಲ್ಲ.

ಅದೇ ಗದ್ದೆಯ ಬದುವಿನ ತೆಂಗಿನ ನೆರಳಲ್ಲಿ, ಯೂರಿಯಾ ಜಾಸ್ತಿ ಬಿದ್ದು ಕಡುಹಸಿರಾದ ಕಡೆ, ಎಲೆ ಮಡಿಚುವ ಹುಳು ಹೆಚ್ಚು. ಪೈರಿನ ಮೇಲೆ ಹಗ್ಗ ಎಳೆದು ಹುಳು ಉದುರಿಸುವುದು ಹಳೆಯ ಉಪಾಯ, ಈಗಲೂ ನಡೆಯುತ್ತದೆ. ಎಲೆತುಂಡು ಕತ್ತರಿಸಿ ಕೊಳವೆ ಮಾಡಿಕೊಂಡು ನೀರಿನ ಮೇಲೆ ತೇಲುವ ಕೊಳವೆ ಹುಳುವಿಗಂತೂ ಹಗ್ಗದ ಜೊತೆ ನೀರು ಬಸಿದರೆ ಅರ್ಧ ಕೆಲಸ ಮುಗಿಯಿತು.

ಮುಸುಕಿನ ಜೋಳದ ಕಥೆ 2018ರಿಂದ ಗೊಂದಲಕ್ಕೆ ಬಿದ್ದಿದೆ. ಆ ವರ್ಷ ಶಿವಮೊಗ್ಗದಲ್ಲಿ ದೇಶದಲ್ಲೇ ಮೊದಲು ಕಂಡ ಫಾಲ್ ಸೈನಿಕ ಹುಳು ಈಗ ಎಲ್ಲ ಕಡೆ ಹೆಸರಾಗಿ, ಸುಳಿಯಲ್ಲಿ ಯಾವ ಹುಳು ಕಂಡರೂ ಅದೇ ಎಂದಾಗಿದೆ. ಅದು ಬೇರೆ ಕುಲ. ನಮ್ಮ ಹಳೆಯ ಕಾಂಡ ಕೊರಕ, ಕೈಲೋ ಪಾರ್ಟೆಲ್ಲಸ್, ಮೂತಿ ಪತಂಗದ ಮರಿ. ಸುಳಿಯೊಳಗೆ ಮಡಿಸಿದ ಎಲೆಯನ್ನು ಕೊರೆಯುವುದರಿಂದ ಎಲೆ ಬಿಚ್ಚಿದಾಗ ಸೂಜಿ ಚುಚ್ಚಿದಂತೆ ಅಡ್ಡ ಸಾಲಾಗಿ ತೂತು ಕಾಣುತ್ತವೆ. ಸೈನಿಕ ಹುಳು ತಿಂದ ಎಲೆ ಹರಕು ಹರಕಾಗಿ, ಸುಳಿಯ ತುಂಬ ಒದ್ದೆ ಹಿಕ್ಕೆ ಇರುತ್ತದೆ. ತಲೆಯ ಮೇಲೆ ತಿರುಗಿಸಿದ ಇಂಗ್ಲಿಷ್ ವೈ ಅಕ್ಷರದ ಗುರುತು, ಬಾಲದ ಹತ್ತಿರ ಚೌಕವಾಗಿ ನಾಲ್ಕು ಚುಕ್ಕೆ. ಕೈಲೋ ಮಾತ್ರ ಕಟಾವಾದ ಮೇಲೂ ಕೂಳೆ, ದಂಟಿನೊಳಗೆ ಮುಂದಿನ ಮಳೆಗೆ ಕಾದು ಮಲಗುತ್ತದೆ. ದಂಟನ್ನು ಸಣ್ಣಗೆ ಕತ್ತರಿಸಿ ಹಸುಗಳಿಗೆ ಹಾಕುವ ಮನೆಗಳಲ್ಲಿ ಆ ಕಂತು ಅಲ್ಲೇ ಸಾಯುತ್ತದೆ. ಇಡೀ ದಂಟನ್ನು ಮುಂಗಾರಿನವರೆಗೆ ಬಣವೆ ಒಟ್ಟುವುದೆಂದರೆ ಪತಂಗಕ್ಕೆ ಬಾಡಿಗೆಯಿಲ್ಲದ ಮನೆ ಕೊಟ್ಟಂತೆ. ಏಷ್ಯಾದ ಈ ಹುಳು 1930ರ ಸುಮಾರಿಗೆ ಆಫ್ರಿಕಾ ಸೇರಿತು. ಅಲ್ಲಿ ಅದನ್ನು ಹತೋಟಿಗೆ ತರಲು 1993ರಲ್ಲಿ ಕೀನ್ಯಾದಲ್ಲಿ ಬಿಟ್ಟದ್ದೂ ಏಷ್ಯಾ ಮೂಲದ ಒಂದು ಪರಾವಲಂಬಿ ಕಣಜವನ್ನೇ.

ರಾಗಿ ಹೊಲದ ಅಕ್ಕಡಿ ಸಾಲಿಗೆ ಬಂದರೆ ಮೂತಿ ಪತಂಗಗಳ ನಂಟು ಇನ್ನೂ ಗಟ್ಟಿ. ಅವರೆ, ತೊಗರಿ ಹೂ ಬಿಟ್ಟ ಕಾಲಕ್ಕೆ ಹೂಮೊಗ್ಗುಗಳನ್ನು ನೂಲಿನಿಂದ ಒಟ್ಟಿಗೆ ಹೆಣೆದು, ಹಿಕ್ಕೆ ತುಂಬಿದ ಗೂಡಿನೊಳಗೆ ಕೂತು ತಿನ್ನುವುದು ಚುಕ್ಕೆ ಕಾಯಿಕೊರಕ, ಮರೂಕಾ. ಬಿಳಿಚಿದ ಮೈಮೇಲೆ ಜೋಡಿ ಜೋಡಿ ಕಪ್ಪು ಚುಕ್ಕೆ. ಹೂ ಹೆಣೆಯದೆ, ಮೈ ಅರ್ಧ ಹೊರಗಿಟ್ಟು ಕಾಯಿಗೆ ತಲೆ ತೂರಿಸಿದ್ದರೆ ಅದು ಹಸಿರು ಕಾಯಿಕೊರಕ, ಬೇರೆ ಕುಲ. ಮರೂಕಾ ಗೂಡು ಕಟ್ಟುವ ಮುಂಚೆ, ಮೊಗ್ಗಿನ ಹಂತದಲ್ಲೇ ಶೇ. 5ರ ಬೇವಿನ ಬೀಜದ ಕಷಾಯ ಹೊಡೆದರೆ ಫಲವಿದೆ. ನೂರು ಲೀಟರಿಗೆ ಐದು ಕಿಲೋ ಬೀಜದ ಪುಡಿ ಅದರ ಅಳತೆ.

ಸಾಲಿನ ಕೊನೆಯ ಹರಳು ಗಿಡದ ಗೊನೆಯಲ್ಲಿ ಹಿಕ್ಕೆಯ ಬಲೆ ಕಟ್ಟಿದ್ದರೆ ಕಾಯಿ ಒಡೆದು ನೋಡಬೇಕು. ಒಳಗಿನದು ಕೋನೋಗೆಥೆಸ್, ಹಳೆಯ ಪುಸ್ತಕಗಳ ಡೈಕೋಕ್ರೋಸಿಸ್. ಇದರ ಪತಂಗ ನೋಡಲು ಚೆಂದ: ಅರಿಸಿನ ಬಣ್ಣದ ರೆಕ್ಕೆಯ ತುಂಬ ಕಪ್ಪು ಚುಕ್ಕೆ. ಇದೇ ಅರಿಸಿನ ಪತಂಗ ಹಾಸನ ಜಿಲ್ಲೆಯ ಇನ್ನೊಂದು ತುದಿಯಲ್ಲಿ, ಸಕಲೇಶಪುರದ ಮಲೆಗಳಲ್ಲಿ, ಏಲಕ್ಕಿಯ ಕಾಂಡವನ್ನೂ ಕಾಯನ್ನೂ ಕೊರೆಯುತ್ತದೆ ಎಂದೇ ಎಷ್ಟೋ ಕಾಲ ತಿಳಿಯಲಾಗಿತ್ತು. ಕಣ್ಣಿಗೆ ಎರಡೂ ಒಂದೇ. ಆದರೆ ಏಲಕ್ಕಿಯದನ್ನೂ ಹರಳಿನದನ್ನೂ ಪಕ್ಕಪಕ್ಕ ಇಟ್ಟು ಅಂಗರಚನೆ, ವಂಶವಾಹಿ ಪರೀಕ್ಷಿಸಿದಾಗ ಎರಡೂ ಬೇರೆ ಜಾತಿ ಎಂದು ಗೊತ್ತಾಯಿತು. 2018ರಲ್ಲಿ ಏಲಕ್ಕಿಯದಕ್ಕೆ ‘ಕೋನೋಗೆಥೆಸ್ ಸಹ್ಯಾದ್ರಿಯೆನ್ಸಿಸ್’ ಎಂಬ ಹೊಸ ಹೆಸರು ಬಂತು, ಸಹ್ಯಾದ್ರಿಯ ಹೆಸರೇ. ಜಾತಿ ಬೇರೆಯಾದರೆ ಹೆಣ್ಣು ಗಂಡನ್ನು ಕರೆಯುವ ವಾಸನೆಯೂ ಬೇರೆಯಾಗಬಹುದು. ಬಯಲುಸೀಮೆಯ ಹರಳಿಗೆ ಹೊಂದುವ ಮೋಹಕ ಬಲೆ ಮಲೆನಾಡಿನ ಏಲಕ್ಕಿ ತೋಟದಲ್ಲಿ ಖಾಲಿ ನೇತಾಡಿದರೆ ಬಲೆ ಮಾರಿದವರನ್ನು ಬೈಯುವ ಮುಂಚೆ ಇದನ್ನು ಯೋಚಿಸಬೇಕು. ವರ್ಗೀಕರಣ ಎಂದರೆ ಬರೀ ವಿಜ್ಞಾನಿಗಳ ಹೆಸರಿನ ಜಗಳ ಎನ್ನುವವರಿಗೂ ಈ ಒಂದು ಪತಂಗ ಉತ್ತರ ಕೊಡುತ್ತದೆ.

ಬದನೆಯ ಕುಡಿ ಮತ್ತು ಕಾಯಿ ಕೊರಕದ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಎಲ್ಲರಿಗೂ ಗೊತ್ತು. ಬಿಟಿ ಬದನೆಗೆ 2010ರ ಫೆಬ್ರವರಿಯಲ್ಲಿ ಕೇಂದ್ರ ತಡೆ ಹಾಕಿದ ಗಲಾಟೆಯೆಲ್ಲ ಈ ಒಂದು ಮೂತಿ ಪತಂಗದ ಸುತ್ತಲಿನದೇ. ಬಾಡಿದ ಕುಡಿಯನ್ನು ವಾರಕ್ಕೊಮ್ಮೆ ಹುಳುವಿನ ಸಮೇತ ಚಿವುಟಿ ಸುಡುವುದು, ಮೋಹಕ ಬಲೆ ಇಡುವುದು, ಹಳೆಯ ಗಿಡಗಳನ್ನು ಬದುವಿನಲ್ಲಿ ಒಣಗಲು ಬಿಡದಿರುವುದು: ಈ ಮೂರನ್ನು ಅಕ್ಕಪಕ್ಕದವರೂ ಸೇರಿ ಮಾಡಿದರೆ ಮಾತ್ರ ಲಾಭ. ಹಿಪ್ಪುನೇರಳೆಯ ಎಲೆ ಸುರುಳಿ ಹುಳುವಿಗೂ ಕುಡಿ ಚಿವುಟುವುದೇ ಮೊದಲ ಮದ್ದು. 1990ರ ದಶಕದ ನಡುವಿನಿಂದ ಈ ಹುಳು ಕರ್ನಾಟಕದ ರೇಷ್ಮೆ ರೈತರನ್ನು ಕಾಡುತ್ತಿದೆ. ಬೇರೆ ಪೈರಿಗೆ ಒಳ್ಳೆಯದೆಂದು ಬಿಟಿ ಬ್ಯಾಕ್ಟೀರಿಯಾದ ಪುಡಿಯನ್ನು ಇಲ್ಲಿ ಹೊಡೆಯಲೇಬಾರದು. ರೇಷ್ಮೆ ಹುಳುವೂ ಪತಂಗದ ಮರಿಯೇ. ಪುಡಿ ಗುರುತು ಹಿಡಿಯುವುದಿಲ್ಲ.

ಈ ವಂಶಕ್ಕೆ ಸೇರದಿದ್ದರೂ ಸೇರಿದಂತೆ ಕಾಣುವವು ಕೆಲವಿವೆ. ರಾಗಿಯ ಗುಲಾಬಿ ಕಾಂಡ ಕೊರಕ ಸೈನಿಕ ಹುಳುವಿನ ಕುಲ. ಹಾಸನದ ಆಲೂಗಡ್ಡೆಗೆ ಬೀಳುವ ಗೆಡ್ಡೆ ಪತಂಗವೂ ಬೇರೆ. ತೆಂಗಿನ ಗರಿಯ ಅಡಿಯಲ್ಲಿ ಹಿಕ್ಕೆ ಬೆರೆಸಿ ಸುರಂಗ ಹೆಣೆಯುವ ಕಪ್ಪು ತಲೆ ಹುಳುವಂತೂ ನಡೆನುಡಿಯಲ್ಲಿ ಅಪ್ಪಟ ಮೂತಿ ಪತಂಗದಂತೆ, ಹುಟ್ಟಿನಲ್ಲಿ ಅಲ್ಲ. ಅದಕ್ಕೆ ಗೋನಿಯೋಜಸ್ ಎಂಬ ಪರಾವಲಂಬಿ ಕೀಟ ಬಿಡುತ್ತಾರೆ, ಟ್ರೈಕೋಗ್ರಾಮ ಎಂಬ ಕಣಜವನ್ನಲ್ಲ.

ಟ್ರೈಕೋಗ್ರಾಮದ ಮಾತು ಬಂದರೆ ಅಡುಗೆಮನೆಗೆ ಹೋಗಬೇಕು. ಅಕ್ಕಿ, ರವೆ, ರಾಗಿ ಹಿಟ್ಟಿನ ಡಬ್ಬದಲ್ಲಿ ಬಲೆ ಕಟ್ಟಿ ಗಂಟು ಮಾಡುವ ಬೂದುಬಣ್ಣದ ಅಕ್ಕಿ ಪತಂಗ, ಕೊರ್ಸೈರಾ, ಪೈರಾಲಿಡೇ ಮನೆಯದು. ಜೇನುಪೆಟ್ಟಿಗೆಯ ಮೇಣದ ಪತಂಗಕ್ಕೆ ಹತ್ತಿರದ ನಂಟ. ಡಬ್ಬವನ್ನು ಒಣಗಿಸಿ ಬಿಗಿಯಾಗಿ ಮುಚ್ಚುವುದು ಬಿಟ್ಟು ಇದಕ್ಕೆ ಬೇರೆ ಮದ್ದಿಲ್ಲ. ಆದರೆ ಜೈವಿಕ ನಿಯಂತ್ರಣದ ಪ್ರಯೋಗಾಲಯಗಳಲ್ಲಿ ಇದನ್ನೇ ಕಾಳಿನ ನುಚ್ಚಿನಲ್ಲಿ ಬೇಕೆಂದೇ ಸಾಕುತ್ತಾರೆ. ಇದರ ಮೊಟ್ಟೆಗಳನ್ನು ಕಾರ್ಡಿಗೆ ಅಂಟಿಸಿ, ಅದರಲ್ಲಿ ಟ್ರೈಕೋಗ್ರಾಮ ಕಣಜ ಮೊಟ್ಟೆ ಇಡುವಂತೆ ಮಾಡಿ, ಆ ಕಾರ್ಡನ್ನು ರೈತರಿಗೆ ಕೊಡುತ್ತಾರೆ. ಅಡುಗೆಮನೆಯ ಪತಂಗದ ಮೊಟ್ಟೆಯಲ್ಲಿ ಬೆಳೆದ ಕಣಜ ಹೊಲದ ಪತಂಗದ ಮೊಟ್ಟೆಯನ್ನು ಹುಡುಕಿ ಹೋಗುತ್ತದೆ. ಕಾರ್ಡನ್ನು ತುಂಡು ಮಾಡಿ ಇಳಿಹೊತ್ತಿನಲ್ಲಿ ಎಲೆಯ ಅಡಿಗೆ ಪಿನ್ ಹಾಕಬೇಕು. ಅದರ ಹಿಂದೆಮುಂದೆ ಕೆಲವು ದಿನ ಕೀಟನಾಶಕ ಮುಟ್ಟಬಾರದು. ಕಾಂಡದೊಳಗೆ ಹೊಕ್ಕ ಹುಳುವಿಗೆ ಈ ಕಾರ್ಡು ಏನೂ ಮಾಡದು, ಮೊಟ್ಟೆಗಷ್ಟೇ.

ಚನ್ನರಾಯಪಟ್ಟಣದ ಶ್ರೀನಿವಾಸಪುರದ ಹೇಮಾವತಿ ಸಹಕಾರಿ ಸಕ್ಕರೆ ಕಾರ್ಖಾನೆಗೆ ಕಬ್ಬು ಹಾಕುವವರು ತಿಳಿದಿರಬೇಕಾದ ಮೂತಿ ಪತಂಗ ಇನ್ನೊಂದಿದೆ. 2002ರಲ್ಲಿ ಮಹಾರಾಷ್ಟ್ರದ ಕಡೆಯಿಂದ ಕರ್ನಾಟಕಕ್ಕೆ ಹಬ್ಬಿದ ಬಿಳಿ ಉಣ್ಣೆ ಹೇನು ಕಬ್ಬಿನ ಗರಿಗಳನ್ನು ಹತ್ತಿ ಹಿಂಜಿದಂತೆ ಮಾಡಿ, ಕೆಳಗಿನ ಎಲೆಗಳಿಗೆ ಕಪ್ಪು ಮಸಿ ಹಿಡಿಸಿತ್ತು. ಆ ಹೇನಿನ ನಡುವೆಯೇ ನೂಲಿನ ತೆಳು ಬಲೆ ಹೆಣೆದುಕೊಂಡು, ಹೇನನ್ನೇ ತಿಂದು ಬದುಕುವ ಹುಳು ಸಿಕ್ಕಿತು. ಹೆಸರು ಡೈಫಾ. ವಂಶದ ಚಾಳಿ ಬಿಟ್ಟಿಲ್ಲ, ಮರೆಯಲ್ಲೇ ಕೂರುತ್ತದೆ. ಊಟ ಮಾತ್ರ ಬದಲಾಗಿದೆ. ಮೈಕ್ರೋಮಸ್ ಎಂಬ ಇನ್ನೊಂದು ಪರಭಕ್ಷಕ ಕೀಟದ ಜೊತೆ ಸೇರಿ ಇದು ಹೇನನ್ನು ಇಳಿಸಿತು. ಈಗಲೂ ಬಿಳಿ ಹೇನು ಕಂಡ ಗರಿಯನ್ನು ಸುಡುವ ಮುಂಚೆ ತಿರುಗಿಸಿ ನೋಡಬೇಕು. ಉಣ್ಣೆಯ ನಡುವೆ ಬಲೆ, ಬಲೆಯೊಳಗೆ ಹುಳು ಇದ್ದರೆ ಆ ಗರಿಯನ್ನು ತುಂಡು ಮಾಡಿ, ಹೇನು ಹೆಚ್ಚಿರುವ ಸಾಲಿನ ಕಬ್ಬಿಗೆ ಕಟ್ಟಬೇಕು.