ಒಂದೇ ತಂತಿಯ ಗಿಟಾರು (ಮಾಡಿ ಕಲಿತ ಪಾಠ)



ಗಿಟಾರು ಎಂದರೆ ಆರು ತಂತಿಯ ವಾದ್ಯ. ಅದನ್ನು ನಾವು ಟಿ.ವಿ.ಯಲ್ಲಿ ನೋಡಿದ್ದೇವೆ. ಕೈಯಲ್ಲಿ ಹಿಡಿದವರು ನಮ್ಮ ತರಗತಿಯಲ್ಲಿ ಯಾರೂ ಇಲ್ಲ. ಜಾತ್ರೆಗೆ ಪ್ಯಾಟಿಗೆ ಹೋದಾಗ ನಾನು ಒಂದು ಅಂಗಡಿಯಲ್ಲಿ ಅದರ ಬೆಲೆ ಕೇಳಿ ಸುಮ್ಮನೆ ವಾಪಸ್ ಬಂದಿದ್ದೆ. ಆದರೆ ಒಂದೇ ತಂತಿಯ ಗಿಟಾರೂ ಇದೆ. ಅದಕ್ಕೆ ದುಡ್ಡು ಬೇಕಾಗಂಗಿಲ್ಲ. ವಿಜ್ಞಾನದ ಗುರುಗಳು ಧ್ವನಿಯ ಬಗ್ಗೆ ಹೇಳುವಾಗ ಅದರ ವಿಷಯ ತಿಳಿಸಿದರು. ನಾವು ಆರು ಜನ ಸೇರಿ ಎರಡು ಶನಿವಾರ ಕೂತು ಅದನ್ನು ಮಾಡಿದೆವು. ಆ ಪಾಠವನ್ನು ಇಲ್ಲಿ ಬರೆದಿದ್ದೇನೆ.

ಬ್ಲೂಸ್ ಎಂದರೇನು?

ಅಮೆರಿಕ ದೇಶದ ದಕ್ಷಿಣ ಭಾಗದಲ್ಲಿ ಮಿಸಿಸಿಪ್ಪಿ ಎಂಬ ರಾಜ್ಯವಿದೆ. ಅಲ್ಲಿಯ ಒಂದು ಬಯಲು ಸೀಮೆಗೆ ಡೆಲ್ಟಾ ಎನ್ನುತ್ತಾರೆ. ಅಲ್ಲಿ ಬಹಳ ವರ್ಷ ಹತ್ತಿಯೇ ದೊಡ್ಡ ಬೆಳೆಯಾಗಿತ್ತು. ಆಫ್ರಿಕಾದಿಂದ ಹಿಡಿದು ತಂದ ಜನರನ್ನು, ಅವರ ಮಕ್ಕಳು ಮೊಮ್ಮಕ್ಕಳನ್ನು ಗುಲಾಮರನ್ನಾಗಿ ಮಾಡಿ ಹತ್ತಿ ಹೊಲದಲ್ಲಿ ದುಡಿಸುತ್ತಿದ್ದರು. ೧೮೬೫ರಲ್ಲಿ ಗುಲಾಮಗಿರಿ ರದ್ದಾಯಿತು. ಆದರೂ ಹೊಲ ಅವರದಾಗಲಿಲ್ಲ. ಬೇರೆಯವರ ಹೊಲ ಪಾಲಿಗೆ ಮಾಡಿ ವರ್ಷದ ಕೊನೆಗೆ ಲೆಕ್ಕ ನೋಡಿದರೆ ಎಷ್ಟೋ ಮಂದಿಗೆ ಸಾಲವೇ ಉಳಿಯುತ್ತಿತ್ತು. ಈ ಜನರ ಹೊಲದ ಹಾಡು, ಪ್ರಾರ್ಥನೆಯ ಹಾಡುಗಳಿಂದ ಬ್ಲೂಸ್ ಸಂಗೀತ ಹುಟ್ಟಿತು. ಬ್ಲೂ ಎಂದರೆ ನೀಲಿ ಬಣ್ಣ. ಇಂಗ್ಲಿಷಿನಲ್ಲಿ ಮನಸ್ಸಿನ ಬೇಸರಕ್ಕೂ ಅದೇ ಮಾತು.

೧೯೦೩ರ ಸುಮಾರಿಗೆ ಡಬ್ಲ್ಯೂ. ಸಿ. ಹ್ಯಾಂಡಿ ಎಂಬ ಸಂಗೀತಗಾರರು ಟಟ್‌ವೈಲರ್ ಎಂಬ ಊರಿನ ರೈಲು ನಿಲ್ದಾಣದಲ್ಲಿ ಕಾಯುತ್ತಾ ಕೂತಿದ್ದರಂತೆ. ಹರಕು ಬಟ್ಟೆಯ ಒಬ್ಬ ಮನುಷ್ಯ ಗಿಟಾರಿನ ತಂತಿಯ ಮೇಲೆ ಚಾಕುವನ್ನು ಜಾರಿಸುತ್ತಾ ಹಾಡುತ್ತಿದ್ದ. ಅಂಥ ಸಂಗೀತವನ್ನು ತಾವು ಹಿಂದೆ ಕೇಳಿರಲಿಲ್ಲ ಎಂದು ಹ್ಯಾಂಡಿಯವರು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಗಿಟಾರು ಕೊಳ್ಳಲಾಗದ ಡೆಲ್ಟಾದ ಮಕ್ಕಳು ಕಸಬರಿಗೆಗೆ ಸುತ್ತಿದ ತಂತಿ ಬಿಚ್ಚಿ ಮನೆಯ ಮರದ ಗೋಡೆಗೆ ಮೊಳೆ ಹೊಡೆದು ಕಟ್ಟುತ್ತಿದ್ದರು. ತಂತಿಯ ಕೆಳಗೆ ಬಾಟಲಿ ತುರುಕಿ ಬಿಗಿ ಮಾಡುತ್ತಿದ್ದರು. ಇದಕ್ಕೆ ಡಿಡ್ಲಿ ಬೋ ಎಂದು ಹೆಸರು. ಲೋನಿ ಪಿಚ್‌ಫೋರ್ಡ್ (೧೯೫೫–೧೯೯೮) ಎಂಬುವರು ದೊಡ್ಡವರಾದ ಮೇಲೂ ಇದನ್ನು ನುಡಿಸಿ ಹೆಸರಾದರು.

ಬೇಕಾಗುವ ಸಾಮಾನುಗಳು

೧. ಮೂರು ಅಡಿ ಉದ್ದ, ನಾಲ್ಕು ಇಂಚು ಅಗಲದ ಹಲಗೆ.
೨. ಹಳೆಯ ಸೈಕಲ್ ಬ್ರೇಕ್ ವೈರಿನ ಒಂದು ಎಳೆ.
೩. ಎರಡು ಮೊಳೆ.
೪. ಔಷಧದ ಮೂರು ಸಣ್ಣ ಗಾಜಿನ ಬಾಟಲಿ. (ಒಡೆದದ್ದು ಬೇಡ.)
೫. ಅಳತೆ ಪಟ್ಟಿ, ಸೀಮೆಸುಣ್ಣ.

ಮಾಡುವ ವಿಧಾನ

ಹಲಗೆಯ ಎರಡು ತುದಿಗೆ ಒಂದೊಂದು ಮೊಳೆ ಹೊಡೆದು ತಂತಿ ಬಿಗಿಯಾಗಿ ಕಟ್ಟಬೇಕು. ಆಮೇಲೆ ಎರಡು ಬಾಟಲಿಗಳನ್ನು ತಂತಿಯ ಕೆಳಗೆ ಅಡ್ಡಲಾಗಿ ತೂರಿಸಿ ಮೊಳೆಗಳ ಕಡೆಗೆ ತಳ್ಳಬೇಕು. ತಳ್ಳಿದಷ್ಟೂ ತಂತಿ ಬಿಗಿಯಾಗುತ್ತದೆ. ಎರಡು ಬಾಟಲಿಗಳ ನಡುವೆ ಸರಿಯಾಗಿ ೬೦ ಸೆಂಟಿಮೀಟರ್ ಇರಲಿ. ಹಲಗೆಯನ್ನು ತಗಡಿನ ಡಬ್ಬಿಯ ಮೇಲಿಟ್ಟರೆ ಸಪ್ಪಳ ಜೋರಾಗಿ ಕೇಳುತ್ತದೆ. ಮೂರನೆಯ ಬಾಟಲಿಯನ್ನು ಎಡಗೈಯಲ್ಲಿ ಹಿಡಿದು ತಂತಿಗೆ ಹಗುರವಾಗಿ ತಾಗಿಸಿ ಜಾರಿಸಬೇಕು. ಒತ್ತಬಾರದು. ಬಲಗೈಯಿಂದ ತಂತಿ ಮೀಟಬೇಕು. ನಮ್ಮ ಗೋಟುವಾದ್ಯದಲ್ಲಿಯೂ ಹೀಗೇ ಜಾರಿಸಿ ನುಡಿಸುತ್ತಾರೆ.

ಎಚ್ಚರಿಕೆ: ನಾನು ಮೊದಲು ಡೆಲ್ಟಾ ಮಕ್ಕಳ ಹಾಗೆ ಗೋಡೆಗೇ ಮೊಳೆ ಹೊಡೆದೆ. ನಮ್ಮದು ಮಣ್ಣಿನ ಗೋಡೆ. ಒಂದು ಹೆಪ್ಪಳಿಕೆ ಪೂರ್ತಿ ಕಳಚಿ ಬಿತ್ತು. “ಗ್ವಾಡಿ ಕೆಡವಾಕ ಹತ್ತೀಯೇನ?” ಎಂದು ಅವ್ವ ಬೈದಳು. ಬಡಿಗೇರ ಮಾಮಾ ಹಲಗೆ ಕೊಟ್ಟ ಮೇಲೆ ಕೆಲಸ ಮುಂದೆ ಸಾಗಿತು. ಎರಡನೆಯದಾಗಿ, ಬಹಳ ಬಿಗಿ ಮಾಡಿದರೆ ತಂತಿ ಹರಿದು ಸಿಡಿಯುತ್ತದೆ. ನನ್ನ ಕೈಗೆ ಗೀರಿತು. ಮುಖ ಹತ್ತಿರ ತರಬೇಡಿ.

ತಂತಿಯೊಳಗಿನ ಭಿನ್ನರಾಶಿ

ಮೀಟುವ ಕಡೆಯ ಬಾಟಲಿಯಿಂದ ಅಳೆದು ಹಲಗೆಗೆ ಗುರುತು ಹಾಕಿದೆವು.

ಪೂರ್ತಿ ತಂತಿ, ೬೦ ಸೆಂ.ಮೀ. — ಸಾ
ಮುಕ್ಕಾಲು (೩/೪), ೪೫ ಸೆಂ.ಮೀ. — ಮಾ
ಮೂರರಲ್ಲಿ ಎರಡು (೨/೩), ೪೦ ಸೆಂ.ಮೀ. — ಪಾ
ಅರ್ಧ (೧/೨), ೩೦ ಸೆಂ.ಮೀ. — ಮೇಲಿನ ಸಾ

ತಂತಿ ಗಿಡ್ಡಾದಷ್ಟೂ ಸೆಕೆಂಡಿಗೆ ಹೆಚ್ಚು ಸಲ ಕಂಪಿಸುತ್ತದೆ, ಸ್ವರ ಮೇಲಕ್ಕೆ ಹೋಗುತ್ತದೆ. ಅರ್ಧ ಮಾಡಿದರೆ ಕಂಪನ ಎರಡು ಪಟ್ಟು. ಭಿನ್ನರಾಶಿಯ ಪರೀಕ್ಷೆಯಲ್ಲಿ ನನಗೆ ಬಂದದ್ದು ೨೫ಕ್ಕೆ ೭ ಅಂಕ. ಈಗ ೨/೩ ದೊಡ್ಡದೋ ೩/೪ ದೊಡ್ಡದೋ ಎಂದು ಯಾರು ಕೇಳಿದರೂ ಕಿವಿಯಲ್ಲೇ ಗೊತ್ತಾಗುತ್ತದೆ.

ಇನ್ನೊಂದು ಸೋಜಿಗ. ೫೦ ಸೆಂ.ಮೀ.ಗೆ ಕೋಮಲ ಗಾ, ೪೮ ಸೆಂ.ಮೀ.ಗೆ ಶುದ್ಧ ಗಾ ಬರುತ್ತದೆ. ಇವೆರಡರ ನಡುವಿನ ಸಂದಿಯಲ್ಲಿ ಬಾಟಲಿಯನ್ನು ಜಾರಿಸಿದರೆ ಅಳುಕಿದ ಹಾಗೆ ಒಂದು ಧ್ವನಿ ಬರುತ್ತದೆ. ಬ್ಲೂಸ್‌ನ ಜೀವವೇ ಅಲ್ಲಿದೆ. ಹಾರ್ಮೋನಿಯಂ ಮನೆಗಳಲ್ಲಿ ಅದು ಸಿಗಂಗಿಲ್ಲ. ತಂತಿಯಲ್ಲಿ ಮತ್ತು ಕೊರಳಲ್ಲಿ ಸಿಗುತ್ತದೆ.

ಹನ್ನೆರಡು ಮನೆಯ ಲೆಕ್ಕ

ಎಷ್ಟೋ ಬ್ಲೂಸ್ ಹಾಡುಗಳಿಗೆ ೧೨ ಮನೆಗಳ ಕಟ್ಟು ಇರುತ್ತದೆ. ಪ್ರತಿ ಮನೆಗೆ ೪ ಎಣಿಕೆ. ಒಟ್ಟು ೪೮.

ಸಾ ಸಾ ಸಾ ಸಾ
ಮಾ ಮಾ ಸಾ ಸಾ
ಪಾ ಮಾ ಸಾ ಸಾ

ಮೊದಲ ಸಾಲಿನಲ್ಲಿ ಒಂದು ಮಾತು ಹಾಡುತ್ತಾರೆ. ಎರಡನೆಯ ಸಾಲಿನಲ್ಲಿ ಅದೇ ಮಾತು ಇನ್ನೊಮ್ಮೆ. ಮೂರನೆಯದರಲ್ಲಿ ಅದಕ್ಕೆ ಉತ್ತರ. ಹಾಡುವವರು ಉಸಿರು ತೆಗೆದುಕೊಳ್ಳುವಾಗ ಗಿಟಾರು ಮಾತಾಡುತ್ತದೆ. ಎರಡನೆಯ ಶನಿವಾರ ಐದು ಜನ ಚಪ್ಪಾಳೆ ಹಾಕಿ ಎಣಿಸಿದರು, ನಾನು ನುಡಿಸಿದೆ. ಮೂರು ಸಲ ತಪ್ಪಿ ನಾಲ್ಕನೆಯ ಸಲ ೪೮ಕ್ಕೆ ಸರಿಯಾಗಿ ಮುಗಿಸಿದೆವು. ಭಜನಿ ಮ್ಯಾಳದ ಅಜ್ಜ ಬಂದು ನೋಡಿ, “ನನ್ನ ಏಕತಾರಿಗೂ ಒಂದ ತಂತಿ. ಆದ್ರ ಅದು ಒಂದ ಮಾತ ಆಡ್ತೈತಿ, ನಿಂದು ಹರಟಿ ಹೊಡಿತೈತಿ” ಎಂದರು.

ಅಲ್ಲಿಯ ಮಕ್ಕಳ ತರಗತಿ

ಡೆಲ್ಟಾದ ಕ್ಲಾರ್ಕ್ಸ್‌ಡೇಲ್ ಊರಿನಲ್ಲಿ ೧೯೭೯ರಲ್ಲಿ ಡೆಲ್ಟಾ ಬ್ಲೂಸ್ ಮ್ಯೂಸಿಯಂ ಸ್ಥಾಪನೆಯಾಯಿತು. ಶಾಲೆ ಬಿಟ್ಟ ಮೇಲೆ ಮಕ್ಕಳು ಅಲ್ಲಿಗೆ ಬಂದು ವಾದ್ಯ ಕಲಿಯುತ್ತಾರೆ. ಕಲಿಸುವವರು ಬ್ಲೂಸ್ ವಾದಕರೇ. ಬಿಲ್ ಪೆರ್ರಿ ಎಂಬ ವಾದಕರಲ್ಲಿ ಅಲ್ಲಿ ಕಲಿತ ಕ್ರಿಸ್ಟೋನ್ ಇಂಗ್ರಾಮ್ (ಜನನ ೧೯೯೯) ಎಂಬ ಹುಡುಗ ಮುಂದೆ ದೊಡ್ಡ ಗಿಟಾರ್ ವಾದಕನಾಗಿ ೨೦೨೨ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆದ. ನಮ್ಮ ದೇಶದ ವಿಶ್ವಮೋಹನ ಭಟ್ಟರೂ ಅಮೆರಿಕದ ರೈ ಕೂಡರ್ ಜೊತೆ ಗಿಟಾರು ಜಾರಿಸಿ ನುಡಿಸಿ ೧೯೯೪ರಲ್ಲಿ ಅದೇ ಪ್ರಶಸ್ತಿ ಪಡೆದಿದ್ದಾರೆ.

ಕಡೆಗೆ ಒಂದು ಮಾತು

ಹೋದ ಸುಗ್ಗಿಯಲ್ಲಿ ನಾನು ಒಂಬತ್ತು ದಿನ ಶಾಲೆ ತಪ್ಪಿಸಿದ್ದೆ. ರಜೆ ಚೀಟಿಯಲ್ಲಿ ಜ್ವರ ಎಂದು ಬರೆದೆ. ಜ್ವರ ಇರಲಿಲ್ಲ. ಅವ್ವನ ಜೊತೆ ಹತ್ತಿ ಬಿಡಿಸಲು ಹೋಗಿದ್ದೆ. ಬೆರಳೆಲ್ಲ ಗೀರಿದ್ದು ಕಾಣಬಾರದು ಎಂದು ಬೆಂಚಿನ ಕೆಳಗೆ ಕೈ ಇಟ್ಟುಕೊಂಡು ಕೂಡುತ್ತಿದ್ದೆ. ಬಿ. ಬಿ. ಕಿಂಗ್ (೧೯೨೫–೨೦೧೫) ಎಂಬ ಜಗತ್ತಿಗೇ ಹೆಸರಾದ ಬ್ಲೂಸ್ ವಾದಕರೂ ಸಣ್ಣವರಿದ್ದಾಗ ಹತ್ತಿ ಬಿಡಿಸಿದವರೇ ಎಂದು ಗುರುಗಳು ಹೇಳಿದ ದಿನ ನಾನು ಕೈ ಮೇಲಕ್ಕೆ ಇಟ್ಟೆ. ಗುರುಗಳೇ, ಸುಳ್ಳು ಬರೆದದ್ದಕ್ಕೆ ಕ್ಷಮಿಸಿರಿ.

ಹೊಲದಲ್ಲಿ ಒಬ್ಬಾಕಿ ಹಾಡುತ್ತಾಳೆ, ಉಳಿದವರು ಸೊಲ್ಲು ಎತ್ತುತ್ತಾರೆ. ಮೊನ್ನೆ ರಾತ್ರಿ ಅವ್ವ ರೊಟ್ಟಿ ಬಡಿಯುತ್ತಾ ಆ ಹಾಡು ಹಾಡಿದಳು. ಸೊಲ್ಲನ್ನು ನಾನು ತಂತಿಯಲ್ಲಿ ಎತ್ತಿದೆ. ಅವ್ವ ಬೈಯಲಿಲ್ಲ, ಇನ್ನೊಂದು ಸಲ ಹಾಡಿದಳು.

ಹಲಗೆ ನಮ್ಮ ತರಗತಿಯ ಕಪಾಟಿನ ಪಕ್ಕದಲ್ಲಿದೆ. ಯಾರು ಬೇಕಾದರೂ ನುಡಿಸಬಹುದು. ಬಿಗಿ ಮಾತ್ರ ಹೆಚ್ಚಿಸಬೇಡಿ, ಉಳಿದಿರುವುದು ಒಂದೇ ಎಳೆ.

— ೭ನೇ ತರಗತಿಯ ವಿದ್ಯಾರ್ಥಿನಿ