ಅಳತೆಗೆ ತಕ್ಕ ಕಿಟಕಿ ಶಟರ್‌ಗಳು: ಆಯ್ಕೆ, ಅಳತೆ ಮತ್ತು ಲೆಕ್ಕಾಚಾರ

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಅಂದಿನ ಮೈಸೂರು ರಾಜ್ಯ ಸರ್ಕಾರ ನೀಡಿದ ಜಮೀನಿನಲ್ಲಿ 1961ರಲ್ಲಿ ಟಿಬೆಟಿಯನ್ ನಿರಾಶ್ರಿತರ ಮೊದಲ ನೆಲೆ ಆರಂಭವಾಯಿತು. 1969ರಲ್ಲಿ ಎರಡನೆಯ ನೆಲೆ ಸೇರಿತು. ಮಠಗಳು, ಮನೆಗಳು ಮತ್ತು ಪ್ರವಾಸಿಗರ ವಸತಿಗೃಹಗಳು ಬೆಳೆದಂತೆ ಮರಗೆಲಸಕ್ಕೂ ಬೇಡಿಕೆ ಬೆಳೆಯಿತು. ಮರದ ವ್ಯಾಪಾರಕ್ಕೆ ಹೆಸರಾದ ಹುಣಸೂರು ಒಂದು ಬದಿಗೆ, ಕುಶಾಲನಗರದ ಮಾರುಕಟ್ಟೆ ಇನ್ನೊಂದು ಬದಿಗೆ ಇರುವುದರಿಂದ ಇಲ್ಲಿನ ಸಣ್ಣ ತಯಾರಕರಿಗೆ ಕಚ್ಚಾಮಾಲು ಮತ್ತು ಗಿರಾಕಿ ಎರಡೂ ಹತ್ತಿರವಾಗಿವೆ.

ಕಿಟಕಿಯ ಒಳಭಾಗಕ್ಕೆ ಅಳವಡಿಸುವ, ಬೇಕಾದ ಕೋನಕ್ಕೆ ತಿರುಗಿಸಬಹುದಾದ ಅಡ್ಡಪಟ್ಟಿಗಳ ಶಟರ್ ಈ ಕೆಲಸಗಳಲ್ಲಿ ಒಂದು. 'ಪ್ಲಾಂಟೇಶನ್ ಶಟರ್' ಎಂಬ ಹೆಸರಿನಿಂದ ಇದು ಮಾರುಕಟ್ಟೆಯಲ್ಲಿ ಪರಿಚಿತವಾಗಿದೆ. ಅಂಗಡಿಯ ಮುಂದೆ ಮೇಲಕ್ಕೆ ಸುತ್ತಿಕೊಳ್ಳುವ ಕಬ್ಬಿಣದ ಶಟರ್‌ಗೂ ಇದಕ್ಕೂ ಹೆಸರಿನ ಹೊರತು ಸಂಬಂಧವಿಲ್ಲ. ಪರದೆಯ ಬಟ್ಟೆಯನ್ನು ಒಂದು ಮನೆಗೆ ಆಗದಿದ್ದರೆ ಇನ್ನೊಬ್ಬರಿಗೆ ಮಾರಬಹುದು. ಒಂದು ಕಿಟಕಿಯ ಅಳತೆಗೆ ಮಾಡಿದ ಶಟರ್ ಬೇರೊಂದು ಕಿಟಕಿಗೆ ಹೊಂದುವುದು ವಿರಳ. ಆದಕಾರಣ ಈ ವ್ಯವಹಾರದಲ್ಲಿ ಲಾಭ ನಷ್ಟಗಳು ಬಹುಮಟ್ಟಿಗೆ ಕೆಲಸ ಆರಂಭವಾಗುವ ಮೊದಲೇ, ಅಳತೆಯ ಹಾಳೆಯ ಮೇಲೆ ನಿರ್ಧಾರವಾಗುತ್ತವೆ.

ಒಂದು ತಪ್ಪು ಅಳತೆಯ ಬೆಲೆ

ಒಂದು ಉದಾಹರಣೆಯನ್ನು ಗಮನಿಸಬಹುದು. ಇಲ್ಲಿನ ದರ ಲೆಕ್ಕದ ಸೌಲಭ್ಯಕ್ಕಾಗಿ ಇಟ್ಟುಕೊಂಡದ್ದೇ ಹೊರತು ಮಾರುಕಟ್ಟೆಯ ದರವಲ್ಲ. ಒಂದು ಮನೆಗೆ 4 ಅಡಿ ಅಗಲ, 4 ಅಡಿ ಎತ್ತರದ 10 ಕಿಟಕಿಗಳಿವೆ. ಚದರ ಅಡಿಗೆ ರೂ. 900 ದರದಲ್ಲಿ 160 ಚದರ ಅಡಿಗೆ ರೂ. 1,44,000 ಆಗುತ್ತದೆ. ತಯಾರಕನ ಲಾಭ ಶೇ. 15 ಎಂದರೆ ರೂ. 21,600. ಪ್ರತಿ ಕಿಟಕಿಯ ತಯಾರಿಕಾ ವೆಚ್ಚ ರೂ. 12,240.

ಒಂದು ಕಿಟಕಿಯ ಅಳತೆ ತಪ್ಪಿ ಶಟರನ್ನು ಮತ್ತೆ ಮಾಡಬೇಕಾದರೆ ಇಡೀ ಮನೆಯ ಲಾಭದ ಅರ್ಧಕ್ಕಿಂತ ಹೆಚ್ಚು ಭಾಗ ಹೋಗುತ್ತದೆ. ಎರಡು ಕಿಟಕಿಗಳು ತಪ್ಪಿದರೆ ಲಾಭವೆಲ್ಲ ಕರಗಿ ರೂ. 2,880 ನಷ್ಟ ಉಳಿಯುತ್ತದೆ. ದರದಲ್ಲಿ ಚೌಕಾಸಿ ಮಾಡಿ ಉಳಿಸುವ ಅಥವಾ ಗಳಿಸುವ ಮೊತ್ತಕ್ಕಿಂತ ಅಳತೆಯ ಎಚ್ಚರಿಕೆಯಿಂದ ಉಳಿಯುವ ಮೊತ್ತ ದೊಡ್ಡದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಮೊದಲು ಕಿಟಕಿಯನ್ನು ನೋಡಬೇಕು

ವಿದೇಶಿ ಕ್ಯಾಟಲಾಗುಗಳಲ್ಲಿ ಕಾಣುವ ಕಿಟಕಿಯ ಒಳಭಾಗ ಖಾಲಿಯಾಗಿರುತ್ತದೆ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಗಾಜಿನ ಬಾಗಿಲು ಹೊರಕ್ಕೆ ತೆರೆಯುತ್ತದೆ, ನಡುವೆ ಗ್ರಿಲ್ ಇರುತ್ತದೆ, ಒಳಬದಿಗೆ ಸೊಳ್ಳೆ ಜಾಲರಿಯ ಬಾಗಿಲು ಇರುತ್ತದೆ. ಶಟರ್ ಬರಬೇಕಾದ ಜಾಗವನ್ನು ಜಾಲರಿ ಆಗಲೇ ಆಕ್ರಮಿಸಿರುತ್ತದೆ. ಹೀಗಿರುವಾಗ ಎರಡು ಮಾರ್ಗಗಳಿವೆ. ಜಾಲರಿಯನ್ನು ತೆಗೆಯಬಹುದಾದ ಅಥವಾ ಜಾರುವ ಮಾದರಿಗೆ ಬದಲಾಯಿಸಿ ಶಟರನ್ನು ಕಿಟಕಿಯ ಗೂಡಿನೊಳಗೇ ಕೂರಿಸುವುದು ಒಂದು. ಗೋಡೆಯ ಒಳಮೈ ಮೇಲೆ ಪ್ರತ್ಯೇಕ ಚೌಕಟ್ಟು ಹಾಕಿ ಶಟರನ್ನು ಅದಕ್ಕೆ ಜೋಡಿಸುವುದು ಇನ್ನೊಂದು. ಎರಡನೆಯದರಲ್ಲಿ ಗೋಡೆಯ ಸೊಟ್ಟ ಮರೆಯಾಗುತ್ತದೆ, ಆದರೆ ಮರ ಹೆಚ್ಚು ಬೇಕು. ಶಟರಿನ ಎಲೆಗಳು ಪೂರ್ತಿ ತೆರೆದುಕೊಳ್ಳಲು ಕಿಟಕಿಯ ಅಕ್ಕಪಕ್ಕದಲ್ಲಿ ಖಾಲಿ ಗೋಡೆಯೂ ಇರಬೇಕು.

ಪಟ್ಟಿ ತಿರುಗಲು ಬೇಕಾದ ಆಳವನ್ನೂ ಪರಿಶೀಲಿಸಬೇಕು. 63 ಮಿ.ಮೀ. ಅಗಲದ ಪಟ್ಟಿ ಅಡ್ಡಲಾಗಿ ನಿಂತಾಗ ಅದರ ನಡುಗೆರೆಯಿಂದ ಒಳಕ್ಕೂ ಹೊರಕ್ಕೂ ಸುಮಾರು 32 ಮಿ.ಮೀ. ಚಾಚುತ್ತದೆ. 89 ಮಿ.ಮೀ. ಪಟ್ಟಿಗೆ ಇದು ಸುಮಾರು 45 ಮಿ.ಮೀ. ಗ್ರಿಲ್ ಅಥವಾ ಚಿಲಕ ಅಷ್ಟರೊಳಗೆ ಬಂದರೆ ಪಟ್ಟಿ ತಾಗುತ್ತದೆ. ಅಗಲ ಪಟ್ಟಿಯಿಂದ ಹೊರನೋಟ ಮತ್ತು ಗಾಳಿ ಹೆಚ್ಚು ಸಿಗುತ್ತವೆ. ಚಿಕ್ಕ ಕಿಟಕಿಗೆ ಕಿರಿದಾದ ಪಟ್ಟಿಯೇ ಹೊಂದುತ್ತದೆ. ಗಾಜಿನ ಮೂಲಕ ಶಟರಿನ ಬೆನ್ನು ಹೊರಗೆ ಕಾಣುವುದರಿಂದ, ಕಿಟಕಿಯ ಸುತ್ತ ಕಪ್ಪು ಅಂಚು ಬಳಿಯುವ ಟಿಬೆಟಿಯನ್ ಮಾದರಿಯ ಕಟ್ಟಡಗಳಲ್ಲಿ ಬಣ್ಣವನ್ನು ಹೊರನೋಟಕ್ಕೂ ಹೊಂದಿಸಿಕೊಳ್ಳಬೇಕು.

ಅಳತೆಯ ಕ್ರಮ

1. ಗಾರೆ ಮತ್ತು ನೆಲಹಾಸಿನ ಕೆಲಸ ಮುಗಿದು ಗೋಡೆ ಒಣಗಿದ ನಂತರವೇ ಅಳೆಯಬೇಕು. ನಕ್ಷೆಯ ಅಳತೆಯನ್ನು ನಂಬಿ ಮರ ಕೊಯ್ಯಬಾರದು.
2. ಅಗಲವನ್ನು ಮೇಲೆ, ನಡುವೆ, ಕೆಳಗೆ ಹಾಗೂ ಎತ್ತರವನ್ನು ಎಡ, ನಡು, ಬಲಗಳಲ್ಲಿ ಅಳೆಯಬೇಕು. ಗೂಡಿನೊಳಗೆ ಕೂರುವ ಶಟರಿಗೆ ಇವುಗಳಲ್ಲಿ ಕನಿಷ್ಠ ಅಳತೆಯೇ ಆಧಾರ.
3. ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನು ಅಳೆಯಬೇಕು. ಅವು ಸಮನಾಗಿಲ್ಲದಿದ್ದರೆ ಗೂಡು ಸೊಟ್ಟಗಿದೆ ಎಂದರ್ಥ.
4. ಎಲ್ಲವನ್ನೂ ಮಿಲಿಮೀಟರ್‌ನಲ್ಲಿ ಬರೆಯಬೇಕು. ಒಬ್ಬರು ಅಂಗುಲದಲ್ಲಿ, ಇನ್ನೊಬ್ಬರು ಮಿಲಿಮೀಟರ್‌ನಲ್ಲಿ ಬರೆಯುವುದು ತಪ್ಪಿಗೆ ದಾರಿ.
5. ಬರೆದದ್ದು ಗೂಡಿನ ಅಳತೆಯೋ, ಸಂದು ಬಿಟ್ಟು ಮಾಡಬೇಕಾದ ಶಟರಿನ ಅಳತೆಯೋ ಎಂಬುದನ್ನು ನಮೂದಿಸಬೇಕು. ಇಲ್ಲವಾದರೆ ಸಂದನ್ನು ಇಬ್ಬರೂ ಕಳೆಯುತ್ತಾರೆ, ಅಥವಾ ಇಬ್ಬರೂ ಕಳೆಯುವುದಿಲ್ಲ.

ಮರದ ಆಯ್ಕೆ

ಮರ ತೇವಾಂಶಕ್ಕೆ ಅನುಗುಣವಾಗಿ ಉಬ್ಬುತ್ತದೆ, ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಈ ಬದಲಾವಣೆ ನಗಣ್ಯ, ಎಳೆಗೆ ಅಡ್ಡಲಾಗಿ ಮಾತ್ರ ಗಣನೀಯ. ತೇಗದಂಥ ಮರದಲ್ಲಿ ತೇವಾಂಶ ಶೇ. 1 ಬದಲಾದರೆ ಅಡ್ಡಳತೆ ಸುಮಾರು ಶೇ. 0.2 ಬದಲಾಗುತ್ತದೆ ಎಂದು ಇಟ್ಟುಕೊಳ್ಳೋಣ. ಮಳೆಗಾಲ ಮತ್ತು ಬೇಸಿಗೆಗಳ ನಡುವೆ ತೇವಾಂಶ ಶೇ. 4ರಷ್ಟು ಏರಿಳಿದರೆ 450 ಮಿ.ಮೀ. ಅಗಲದ ಹಲಗೆ ಬಾಗಿಲು ಸುಮಾರು 3.6 ಮಿ.ಮೀ. ಬದಲಾಗುತ್ತದೆ. ಅಷ್ಟೇ ಅಗಲದ ಪಟ್ಟಿ ಶಟರಿನಲ್ಲಿ ಅಡ್ಡಪಟ್ಟಿಗಳ ಎಳೆ ಅಗಲದ ದಿಕ್ಕಿನಲ್ಲೇ ಇರುತ್ತದೆ. ಇಕ್ಕೆಲದ 50 ಮಿ.ಮೀ. ನೇರ ಕಟ್ಟುಗಳು ಮಾತ್ರ ಬದಲಾಗುವುದರಿಂದ ಒಟ್ಟು ವ್ಯತ್ಯಾಸ 0.8 ಮಿ.ಮೀ. ಮೀರುವುದಿಲ್ಲ. ಪಟ್ಟಿ ಶಟರ್ ಮಳೆಗಾಲದಲ್ಲಿ ಹಲಗೆ ಬಾಗಿಲಿನಷ್ಟು ಬಿಗಿಯದಿರಲು ಇದೇ ಕಾರಣ.

ಹಸಿ ಮರ ಬಳಸಿದರೆ ಈ ಗುಣ ನಿಷ್ಫಲ. ಮರದ ತೇವಾಂಶದ ಮಿತಿಗಳನ್ನು ಭಾರತೀಯ ಮಾನಕ ಐಎಸ್ 287 ಹವಾಮಾನ ವಲಯಕ್ಕೆ ಅನುಗುಣವಾಗಿ ನಿಗದಿಪಡಿಸಿದೆ. ತೇವಾಂಶ ಮಾಪಕ ದುಬಾರಿ ಉಪಕರಣವಲ್ಲ. ಮರ ಕೊಳ್ಳುವಾಗಲೂ ಕೊಯ್ಯುವ ಮುನ್ನವೂ ಪರೀಕ್ಷಿಸಿ ದಾಖಲಿಸಬೇಕು.

ಹದಗೊಳಿಸಿದ ತೇಗ ಬೆಲೆಯಲ್ಲಿ ಹೆಚ್ಚಾದರೂ ಗೆದ್ದಲಿಗೆ ಸುಲಭವಾಗಿ ತುತ್ತಾಗದು. ಈ ಗುಣ ಚೇಗಿಗೆ ಮಾತ್ರ ಇದ್ದು, ತೊಗಟೆಯ ಬದಿಯ ಬಿಳಿ ಭಾಗಕ್ಕೆ ಅನ್ವಯಿಸದು. ಕೊಡಗಿನ ಕಾಫಿ ತೋಟಗಳಿಂದ ಬರುವ ಸಿಲ್ವರ್ ಓಕ್ ಅಗ್ಗ, ಆದರೆ ಸಂರಕ್ಷಕ ದ್ರಾವಣದ ಸಂಸ್ಕರಣೆ ಅಗತ್ಯ. ಎಂಡಿಎಫ್‌ಗೆ ನೀರು ತಾಗಿದರೆ ಉಬ್ಬುತ್ತದೆ. ಅಡುಗೆಮನೆ ಮತ್ತು ಬಚ್ಚಲಿಗೆ ಪಿವಿಸಿ ಅಥವಾ ಅಲ್ಯೂಮಿನಿಯಂ ಸೂಕ್ತ. ಪಶ್ಚಿಮದ ಬಿಸಿಲಿಗೆ ಪಿವಿಸಿ ಮೆದುವಾಗಿ ಬಾಗುವ ಸಂಭವವಿದೆ. ಮರದ ಖರೀದಿ ಬಿಲ್ಲು ಹಾಗೂ ತೇಗದ ಸಾಗಣೆ ಪರವಾನಗಿಯನ್ನು ಕಡತದಲ್ಲಿ ಇಡುವುದು ತಯಾರಕನ ಹೊಣೆ.

ಕಾನೂನು ಮತ್ತು ತೆರಿಗೆ

1930ರ ಸರಕು ಮಾರಾಟ ಕಾಯಿದೆಯ 16ನೆಯ ಕಲಮಿನಂತೆ, ಕೊಳ್ಳುವವನು ತನ್ನ ಉದ್ದೇಶವನ್ನು ತಿಳಿಸಿ ಮಾರುವವನ ಪರಿಣತಿಯನ್ನು ಅವಲಂಬಿಸಿದ್ದರೆ, ಸರಕು ಆ ಉದ್ದೇಶಕ್ಕೆ ಯೋಗ್ಯವಾಗಿರಬೇಕೆಂಬ ಷರತ್ತು ತಾನಾಗಿಯೇ ಸೇರುತ್ತದೆ. ತಯಾರಕನೇ ಬಂದು ಅಳೆದಿದ್ದರೆ ತಪ್ಪಿನ ಹೊಣೆ ಅವನ ಮೇಲೆ ಬರುವ ಸಂಭವ ಹೆಚ್ಚು. ಗಿರಾಕಿ ಕೊಟ್ಟ ಅಳತೆಯಂತೆಯೇ ಮಾಡಿಕೊಟ್ಟಿದ್ದರೆ ತಯಾರಕನ ವಾದ ಬಲವಾಗುತ್ತದೆ. ಅಳತೆಯ ಹಾಳೆಯಲ್ಲಿ ಅಳೆದವರ ಹೆಸರು, ದಿನಾಂಕ ಮತ್ತು ಎರಡೂ ಕಡೆಯ ಸಹಿ ಇರಬೇಕಾದದ್ದು ಇದಕ್ಕಾಗಿ. 15ನೆಯ ಕಲಮಿನಂತೆ ಸರಕು ವಿವರಣೆಗೆ ಹೊಂದಬೇಕು. ಆದ್ದರಿಂದ 'ಒಳ್ಳೆಯ ಮರ' ಎಂದು ಬರೆಯುವ ಬದಲು ಮರದ ಜಾತಿ, ತೇವಾಂಶ, ಪಟ್ಟಿಯ ಅಗಲ ಮತ್ತು ಬಿಜಾಗರಿಯ ಲೋಹವನ್ನು ಬರೆಯಬೇಕು. ದೋಷವಿದ್ದಲ್ಲಿ ಸಮಂಜಸ ಅವಧಿಯೊಳಗೆ ತಿಳಿಸದೆ ಸರಕನ್ನು ಇಟ್ಟುಕೊಂಡರೆ ಒಪ್ಪಿಕೊಂಡಂತೆ ಎಂದು 42ನೆಯ ಕಲಮು ಹೇಳುತ್ತದೆ. ಗೃಹಬಳಕೆಗೆ ಕೊಂಡವರು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಎರಡು ವರ್ಷದೊಳಗೆ ದೂರು ಸಲ್ಲಿಸಬಹುದು.

ಮರದ ಕಿಟಕಿ, ಬಾಗಿಲು ಮುಂತಾದ ಕಟ್ಟಡ ಮರಗೆಲಸ ಜಿಎಸ್‌ಟಿಯ 4418 ಶೀರ್ಷಿಕೆಯಡಿ ಬರುತ್ತದೆ. ನವೆಂಬರ್ 2017ರಿಂದ ಇದರ ದರ ಶೇ. 18. ಮೇಲಿನ ಉದಾಹರಣೆಗೆ ತೆರಿಗೆ ರೂ. 25,920 ಸೇರಿ ಬಿಲ್ಲು ರೂ. 1,69,920 ಆಗುತ್ತದೆ. ದರಪಟ್ಟಿಯಲ್ಲಿ 'ತೆರಿಗೆ ಸೇರಿ' ಅಥವಾ 'ತೆರಿಗೆ ಪ್ರತ್ಯೇಕ' ಎಂದು ಬರೆಯದಿದ್ದರೆ ಲಾಭಕ್ಕಿಂತ ದೊಡ್ಡದಾದ ಈ ಮೊತ್ತವೇ ವಿವಾದವಾಗುತ್ತದೆ. ಕಾಂಪೊಸಿಷನ್ ಯೋಜನೆಯಲ್ಲಿರುವವರು ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ. ನಿಯಮಿತ ವಿಧಾನದಲ್ಲಿರುವವರಿಗೆ ಸರಕಿನ ಮುಂಗಡದ ಮೇಲೆ ತೆರಿಗೆ ಇಲ್ಲ, ಸೇವೆಯ ಮುಂಗಡದ ಮೇಲೆ ಇದೆ. ಒಪ್ಪಂದ ಶಟರಿನ ಮಾರಾಟವೋ, ಕಟ್ಟಡಕ್ಕೆ ಅಳವಡಿಸಿಕೊಡುವ ಕಾಮಗಾರಿ ಗುತ್ತಿಗೆಯೋ ಎಂಬುದು ಆದೇಶಪತ್ರದ ಮಾತುಗಳಿಂದ ತಿಳಿಯುವಂತಿರಬೇಕು.

ಆದೇಶ ನೀಡುವ ಮುನ್ನ

ಹತ್ತು ಕಿಟಕಿಗಳ ಕೆಲಸವಿದ್ದರೆ ಮೊದಲು ಒಂದನ್ನು ಮಾಡಿಸಿ, ಕೂರಿಸಿ, ಪಟ್ಟಿ ತಿರುಗಿಸಿ, ಹೊರಗಿನ ಗಾಜು ತೆರೆದು ಮುಚ್ಚಿ ನೋಡಿದ ಮೇಲೆ ಉಳಿದ ಒಂಬತ್ತಕ್ಕೆ ಲಿಖಿತ ಒಪ್ಪಿಗೆ ಕೊಡುವುದು ಉತ್ತಮ ಪದ್ಧತಿ. ಮುಂಗಡವನ್ನೂ ಇದಕ್ಕೆ ಹೊಂದಿಸಬಹುದು: ಮಾದರಿಗೆ ಒಂದು ಕಂತು, ಒಪ್ಪಿಗೆಯ ನಂತರ ಮರದ ಖರ್ಚಿಗೆ ಇನ್ನೊಂದು, ಅಳವಡಿಕೆಯ ನಂತರ ಬಾಕಿ. ಇದರಿಂದ ಕೆಲಸ ಕೆಲವು ದಿನ ತಡವಾಗಬಹುದು. ಆದರೆ ಅಳತೆ ತಪ್ಪಿದ್ದರೆ ನಷ್ಟ ಒಂದು ಕಿಟಕಿಗೇ ಸೀಮಿತವಾಗುತ್ತದೆ, ಅದನ್ನು ಭರಿಸಬೇಕಾದವರು ಯಾರೆಂಬುದೂ ಸಹಿಯಾದ ಹಾಳೆಯಿಂದಲೇ ತಿಳಿಯುತ್ತದೆ.